ಮಕ್ಕಳು ಕಡಿಮೆ ಅಂತ ತೋಟದ ಶಾಲೆ ಮುಚ್ಚುವ ಮಾತು: ಮೊದಲು ಖಾಲಿ ಹುದ್ದೆ ತುಂಬಲಿ

ತೋಟದ ಮನೆ, ಚಿಕ್ಕೋಡಿ ಭಾಗ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ವಸ್ತಿಯಲ್ಲಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯನ್ನು ಊರೊಳಗಿನ ದೊಡ್ಡ ಶಾಲೆಗೆ ಸೇರಿಸುವ ಮಾತು ಶುರುವಾಗಿದೆ. ಆದೇಶ ಅಂತ ಇನ್ನೂ ಏನೂ ಬಂದಿಲ್ಲ. ಮೊನ್ನೆ ಸಭೆಯಲ್ಲಿ ಒಬ್ಬರು ಮಾತಿನ ನಡುವೆ ಹೇಳಿದರು: "28 ಮಕ್ಕಳಿಗೆ ಬೇರೆ ಸಾಲಿ ಯಾಕ್ರೀ? ಊರ ಸಾಲಿ ಒಂದು ಕಿಲೋಮೀಟರ್ ಒಳಗ ಐತಲ್ಲ." ನಾನು ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಮಗಳು ಅಲ್ಲೇ ಮೂರನೇ ಕ್ಲಾಸು. ಅವತ್ತಿನಿಂದ ಇದೇ ತಲೆ ಕೊರೆಯುತ್ತಿದೆ.

ಬೇರೆ ಕಡೆಯವರಿಗೆ ತೋಟದ ಶಾಲೆ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಗೋಕಾಕ, ಮೂಡಲಗಿ ಕಡೆ ನೀರಾವರಿ ಬಂದ ಮೇಲೆ ಬಹಳ ಜನ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡರು. ಹತ್ತು ಹದಿನೈದು ಮನೆ ಒಂದು ಕಡೆ, ಇನ್ನೊಂದಿಷ್ಟು ಮನೆ ಕಬ್ಬಿನ ಆ ಕಡೆ. ತೋಟಕ್ಕೆ ಮನೆತನದ ಹೆಸರು, ಶಾಲೆಗೂ ಅದೇ ಹೆಸರು. ಜಾಗ ಬಿಟ್ಟುಕೊಟ್ಟವರು ಕೂಡ ಹೆಚ್ಚಾಗಿ ಅದೇ ಮನೆತನದವರು. ನಮ್ಮಲ್ಲಿ ಎರಡು ಕೋಣೆ, ಒಂದು ಅಡುಗೆ ಕೋಣೆ, ಒಂದು ಬೇವಿನ ಮರ, ಸುತ್ತ ಕಬ್ಬು.

ಈಗ ಆ ಒಂದು ಕಿಲೋಮೀಟರ್ ವಿಷಯಕ್ಕೆ ಬರುತ್ತೇನೆ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ನಿಜ, ಅಷ್ಟೇ ದೂರ. ಆದರೆ ನಡುವೆ ಕಾಲುವೆ ಇದೆ. ನೀರು ಬಿಟ್ಟಾಗ ದೊಡ್ಡವರೇ ಇಳಿಯುವುದಿಲ್ಲ. ಮಕ್ಕಳು ಸೇತುವೆ ಸುತ್ತಿ ಹೋಗಬೇಕು, ಆಗ ದಾರಿ ಎರಡು ಕಿಲೋಮೀಟರ್ ದಾಟುತ್ತದೆ. ಆ ದಾರಿಯೂ ಹೇಗಿದೆ ಗೊತ್ತಾ? ಒಂದೇ ಗಾಡಿ ಹೋಗುವಷ್ಟು ಅಗಲ. ನವೆಂಬರ್‌ನಲ್ಲಿ ಫ್ಯಾಕ್ಟರಿ ಶುರುವಾಯಿತು ಅಂದರೆ ಬೆಳಗ್ಗೆ ಒಂಬತ್ತರ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಹಿಂದೆ ಎರಡೆರಡು ಟ್ರೇಲರ್, ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಡ್ರೈವರ್‌ಗೆ ಹಿಂದಿನ ಟ್ರೇಲರ್ ಕಾಣುವುದೇ ಇಲ್ಲ, ಮೇಲೆ ಟೇಪ್ ಜೋರು ಹಚ್ಚಿರುತ್ತಾರೆ. ಟ್ರ್ಯಾಕ್ಟರ್ ಬಂದಾಗ ನಾವೇ ಬೈಕ್ ನಿಲ್ಲಿಸಿ ಕಬ್ಬಿನ ಸಾಲಿಗೆ ಇಳಿಯುತ್ತೇವೆ. ಆರು ವರ್ಷದ ಕೂಸು ಏನು ಮಾಡಬೇಕು?

ಮಕ್ಕಳು ಕಡಿಮೆಯಾದದ್ದು ಸುಳ್ಳಲ್ಲ. ಆದರೆ ಯಾಕೆ ಕಡಿಮೆಯಾದರು ಅನ್ನುವುದನ್ನು ಯಾರೂ ಕೇಳುತ್ತಿಲ್ಲ. ಮೊದಲು ಐವತ್ತರ ಮೇಲಿದ್ದರು, ಇಬ್ಬರು ಶಿಕ್ಷಕರಿದ್ದರು. ಒಬ್ಬರನ್ನು ನಿಯೋಜನೆ ಮೇಲೆ ಬೇರೆ ಕಡೆ ಕಳಿಸಿದರು. ಹುದ್ದೆ ಕಾಗದದಲ್ಲಿ ನಮ್ಮಲ್ಲೇ ಇದೆ, ಮನುಷ್ಯ ಇಲ್ಲ. ಉಳಿದ ಅಕ್ಕೋರು ಒಬ್ಬರೇ ಐದು ಕ್ಲಾಸು ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಮೀಟಿಂಗ್‌ಗೆ ಹೋಗಬೇಕು. ಅವರು ಮೀಟಿಂಗ್‌ಗೆ ಹೋದ ದಿನ ಶಾಲೆಯನ್ನು ಅಡುಗೆ ಅಕ್ಕ ನೋಡಿಕೊಳ್ಳುತ್ತಾರೆ. ಇದನ್ನು ನೋಡಿದ ಪಾಲಕರು ಒಬ್ಬೊಬ್ಬರಾಗಿ ಟಿ.ಸಿ. ತೆಗೆದುಕೊಂಡರು. ಈಗ ಬಂದು ಮಕ್ಕಳಿಲ್ಲ, ಮುಚ್ಚೋಣ ಅನ್ನುತ್ತಾರೆ. ನನ್ನ ಪ್ರಕಾರ ನಮ್ಮ ಶಾಲೆ ಮುಚ್ಚಲು ಶುರುವಾದದ್ದು ಆ ನಿಯೋಜನೆಯ ದಿನ. ಅವತ್ತು ನಾವು ಯಾರೂ ಬೀದಿಗೆ ಇಳಿಯಲಿಲ್ಲ.

ಆದೇಶ ಬರುವ ಮೊದಲು ಏನು ಮಾಡಬಹುದು? ತಿಳಿದವರು ಹೇಳಿ.


ಅಥಣಿ ಅಪ್ಪ

ಅಣ್ಣಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದೂ ತೋಟದ ಶಾಲೆಯೇ. ನನ್ನ ದೊಡ್ಡ ಮಗ ಅಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ. ಅವನ ಕ್ಲಾಸಿನಲ್ಲಿ ಅವನು ಮತ್ತು ಇನ್ನೊಬ್ಬ ಹುಡುಗ, ಇಬ್ಬರೇ. ಒಂದು ಆಟ ಆಡಬೇಕೆಂದರೆ ತಂಡ ಆಗುತ್ತಿರಲಿಲ್ಲ. ಮಾಸ್ತರ್ ಒಳ್ಳೆಯವರು, ಆದರೆ ಒಂದನೇ ಕ್ಲಾಸಿನವರಿಗೆ ಅ ಆ ತಿದ್ದಿಸುವಾಗ ನಾಲ್ಕನೆಯವರು ಸುಮ್ನೆ ಕೂರಬೇಕು. ಐದನೆಯದಕ್ಕೆ ಬೇರೆ ಶಾಲೆಗೆ ಹಾಕಿದಾಗ ಭಾಗಾಕಾರ ಬರುತ್ತಿರಲಿಲ್ಲ. ಚಿಕ್ಕವಳನ್ನು ಮೊದಲಿನಿಂದಲೇ ವ್ಯಾನ್‌ನಲ್ಲಿ ಖಾಸಗಿ ಶಾಲೆಗೆ ಕಳಿಸುತ್ತಿದ್ದೇನೆ. ಕಬ್ಬಿನ ಬಿಲ್ ಬರುವ ತನಕ ಫೀಸಿಗೆ ಸಾಲ ಮಾಡುತ್ತೇನೆ. ಯಾರಿಗೆ ಬೇಕು ಈ ಖರ್ಚು?

ಹಾಗಾಗಿ ಒಳ್ಳೆಯ ದೊಡ್ಡ ಶಾಲೆ, ಕ್ಲಾಸಿಗೊಬ್ಬ ಶಿಕ್ಷಕರು, ಎಲ್‌ಕೆಜಿ ಯುಕೆಜಿ, ಮನೆ ಬಾಗಿಲಿಗೆ ಬಸ್ಸು ಕೊಟ್ಟರೆ ನಾನು ಸೇರಿಸಿ ಅನ್ನುತ್ತೇನೆ. ಶಾಲೆ ಉಳಿಯಬೇಕು ಅನ್ನುವ ಹಟದಲ್ಲಿ ಮಕ್ಕಳ ಓದು ಕೆಡಬಾರದು ಅಲ್ವಾ?


ನಿವೃತ್ತ ಮುಖ್ಯ ಗುರು, ಮುಧೋಳ

ಇಬ್ಬರ ಮಾತೂ ಓದಿದೆ. ಇಬ್ಬರೂ ಹೇಳುತ್ತಿರುವುದು ಒಂದೇ ರೋಗವನ್ನು. ಒಬ್ಬನೇ ಶಿಕ್ಷಕ ಇರುವ ಶಾಲೆ.

ಕಾನೂನು ಏನು ಹೇಳುತ್ತದೆ ಅಂತ ಮೊದಲು ತಿಳಿಯೋಣ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ ಪಟ್ಟಿಯಲ್ಲಿ ಸ್ಪಷ್ಟವಾಗಿದೆ: ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 60ರ ಒಳಗೆ ಎಷ್ಟೇ ಕಡಿಮೆ ಮಕ್ಕಳಿದ್ದರೂ ಇಬ್ಬರು ಅಂತಲೇ ಲೆಕ್ಕ. 12 ಮಕ್ಕಳಿದ್ದರೂ ಇಬ್ಬರು. ಅದೇ ಕಾಯ್ದೆಯ 26ನೇ ಕಲಮಿನಲ್ಲಿ ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಖಾಲಿ ಇರಬಾರದು ಅಂತಿದೆ. ಎರಡು ಹುದ್ದೆಯ ಶಾಲೆಯಲ್ಲಿ ಒಬ್ಬರು ಇಲ್ಲ ಅಂದರೆ ಅರ್ಧಕ್ಕರ್ಧ ಖಾಲಿ. ತೋಟದ ಮನೆಯವರೇ, ನಿಮ್ಮ ದೂರು ಇಲ್ಲಿಂದ ಶುರುವಾಗಬೇಕು. ಶಾಲೆ ಮುಚ್ಚಬೇಡಿ ಅಂತ ಬರೆದರೆ ಅದು ಬೇಡಿಕೆ. ನಮ್ಮ ಎರಡನೇ ಶಿಕ್ಷಕರನ್ನು ವಾಪಸ್ ಕಳಿಸಿ ಅಂತ ಬರೆದರೆ ಅದು ಹಕ್ಕು.

ದೂರದ ವಿಷಯವೂ ಅಷ್ಟೇ. ಕರ್ನಾಟಕದ 2012ರ ನಿಯಮಗಳಲ್ಲಿ ಒಂದರಿಂದ ಐದಕ್ಕೆ 1 ಕಿ.ಮೀ., ಆರರಿಂದ ಎಂಟಕ್ಕೆ 3 ಕಿ.ಮೀ. ಅಂತಿದೆ. ಅದು ಮಗು ನಡೆಯುವ ದೂರ. ಹದ್ದು ಹಾರುವ ದೂರ ಅಲ್ಲ. ಕಾಲುವೆ ಸುತ್ತಿ ಎರಡು ಕಿಲೋಮೀಟರ್ ಆದರೆ ಆ ಎರಡನ್ನೇ ಲೆಕ್ಕ ಹಿಡಿಯಬೇಕು.

ಅಥಣಿಯ ತಮ್ಮನಿಗೆ ಒಂದು ಮಾತು. ಎರಡು ಮೂರು ಕ್ಲಾಸು ಒಟ್ಟಿಗೆ ಕೂರಿಸಿ ಕಲಿಸುವುದೇ ತಪ್ಪು ಅಂತ ತಿಳಿಯಬೇಡಿ. ನಲಿ-ಕಲಿ ಹುಟ್ಟಿದ್ದೇ ಅದಕ್ಕೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಗುಂಪಾಗಿ ಕಾರ್ಡು ಹಿಡಿದು ಕಲಿಯುತ್ತಾರೆ. ನಾನೇ ಕಲಿಸಿದ್ದೇನೆ, ಚೆನ್ನಾಗಿ ನಡೆಯುತ್ತದೆ. ಒಂದರಿಂದ ಮೂರಕ್ಕೆ ಒಬ್ಬರು, ನಾಲ್ಕು ಐದಕ್ಕೆ ಇನ್ನೊಬ್ಬರು ಇರಬೇಕು ಅಷ್ಟೇ. ಎರಡನೆಯವರಿಲ್ಲದೆ ನಲಿ-ಕಲಿಯೂ ಇಲ್ಲ, ಭಾಗಾಕಾರವೂ ಇಲ್ಲ.

ಈ ಸೇರಿಸುವ ಮಾತು ಹೊಸದಲ್ಲ. 2011ರಲ್ಲಿ ಮಕ್ಕಳು ಬಹಳ ಕಡಿಮೆ ಇರುವ ಶಾಲೆಗಳನ್ನು ಮುಚ್ಚುವ ಮಾತು ಬಂದಾಗ ರಾಜ್ಯದ ತುಂಬ ಗಲಾಟೆಯಾಯಿತು. 2018ರ ಜುಲೈ ಬಜೆಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ 28,847 ಶಾಲೆಗಳನ್ನು ಒಂದು ಕಿಲೋಮೀಟರ್ ಒಳಗಿನ 8,530 ಶಾಲೆಗಳಿಗೆ ಸೇರಿಸುವ ಮಾತು ಹೇಳಿದ್ದರು. ಆಗಲೂ ಸಾಹಿತಿಗಳು, ಶಿಕ್ಷಕರು, ಪಾಲಕರು ವಿರೋಧಿಸಿದರು. ಪಕ್ಷ ಯಾವುದಾದರೂ ಈ ಕಡತ ಮತ್ತೆ ಮತ್ತೆ ಮೇಲೆ ಬರುತ್ತದೆ. ನಾವು ಕಾಗದ ತಯಾರು ಇಟ್ಟುಕೊಂಡಿರಬೇಕು.


ಜಮಖಂಡಿ ರೈತ

28 ಮಕ್ಕಳಿಗೆ ಇಬ್ಬರು ಸರ್ಕಾರಿ ಸಂಬಳದವರು ಅಂದರೆ ಖರ್ಚು ಜಾಸ್ತಿ ಅನಿಸುವುದಿಲ್ಲವೇ? ತೆರಿಗೆ ದುಡ್ಡು ಎಲ್ಲರದು. ಜಗಳಕ್ಕೆ ಕೇಳುತ್ತಿಲ್ಲ, ತಿಳಿಯಬೇಕು ಅಂತ ಕೇಳುತ್ತಿದ್ದೇನೆ.


ಲೆಕ್ಕದ ಪುಸ್ತಕ, ಬಾಗಲಕೋಟೆ

ಕೇಳಿದ್ದು ಒಳ್ಳೆಯದಾಯಿತು. ಶಾಲೆಗಳ ಲೆಕ್ಕ ಬರೆಯುವುದೇ ನನ್ನ ಕೆಲಸ, ಅದಕ್ಕೆ ಅಂಕಿ ಹಿಡಿದೇ ಹೇಳುತ್ತೇನೆ.

ಎರಡು ತೋಟದ ಶಾಲೆ ಇವೆ ಅಂತ ಇಟ್ಟುಕೊಳ್ಳಿ. ಒಂದರಲ್ಲಿ 28 ಮಕ್ಕಳು, ಇನ್ನೊಂದರಲ್ಲಿ 40. ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯಿಂದ ವರ್ಷಕ್ಕೊಮ್ಮೆ ಶಾಲಾ ಅನುದಾನ ಬರುತ್ತದೆ. ನಿಯಮದ ಪ್ರಕಾರ 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000. ಎರಡೂ ಶಾಲೆ ಸೇರಿ ಈಗ 35,000. ಒಂದು ಮಾಡಿದರೆ 68 ಮಕ್ಕಳು, 25,000. ಉಳಿದದ್ದು 10,000.

ಶಿಕ್ಷಕರು ಈಗ ನಿಯಮದ ಪ್ರಕಾರ ಇಬ್ಬರಿಬ್ಬರು, ಒಟ್ಟು ನಾಲ್ವರು. 68 ಮಕ್ಕಳಿಗೆ ಮೂವರು. ಉಳಿದದ್ದು ಒಂದು ಹುದ್ದೆ.

ಬಿಸಿಯೂಟದ ಅಡುಗೆಯವರು 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು. ಈಗ ನಾಲ್ವರು ಹೆಣ್ಣುಮಕ್ಕಳಿಗೆ ಕೆಲಸ, ಸೇರಿಸಿದರೆ ಇಬ್ಬರಿಗೆ.

ಅಂದರೆ ಸರ್ಕಾರಕ್ಕೆ ಒಬ್ಬ ಶಿಕ್ಷಕರ ಸಂಬಳ, ಇಬ್ಬರು ಅಡುಗೆಯವರ ಗೌರವಧನ, ಮೇಲೆ 10,000 ರೂಪಾಯಿ ಉಳಿಯುತ್ತದೆ. ಸಣ್ಣ ದುಡ್ಡು ಅಂತ ನಾನು ಹೇಳುವುದಿಲ್ಲ. ಶಿಕ್ಷಕರ ಸಂಬಳವೇ ದೊಡ್ಡ ಭಾಗ. ಆದರೆ ತೋಟದ ಮನೆಯವರ ಶಾಲೆಯಲ್ಲಿ ಈಗಾಗಲೇ ಒಬ್ಬರೇ ಇದ್ದಾರೆ. ಅಲ್ಲಿ ಉಳಿಸಬೇಕಾದ ದುಡ್ಡನ್ನು ಆಗಲೇ ಉಳಿಸಿಯಾಗಿದೆ, ಮಕ್ಕಳ ಓದಿನ ಮೇಲೆ.

ಇನ್ನೊಂದು ಬದಿ ನೋಡಿ. ಸಮಗ್ರ ಶಿಕ್ಷಣದಲ್ಲೇ ಶಾಲೆ ದೂರ ಇರುವ ಮಕ್ಕಳಿಗೆ ಸಾರಿಗೆ ನೆರವು ಅಂತ ಇದೆ, ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ. 28 ಮಕ್ಕಳಿಗೆ 1,68,000. ಇದು ಕೊಟ್ಟರೆ ಉಳಿತಾಯದಲ್ಲಿ ಅಷ್ಟು ಕಡಿಮೆಯಾಯಿತು. ಕೊಡದಿದ್ದರೆ ಅದೇ ಖರ್ಚು ಪಾಲಕರ ಜೇಬಿಗೆ ಬೀಳುತ್ತದೆ, ಅಥವಾ ಕೂಲಿ ಬಿಟ್ಟು ಮಗುವನ್ನು ಬಿಟ್ಟುಬರುವ ತಾಯಿಯ ದಿನಕ್ಕೆ ಬೀಳುತ್ತದೆ.

ಮುಖ್ಯ ವಿಷಯ ಇಲ್ಲಿದೆ, ಎಲ್ಲರೂ ಗಮನಿಸಿ. ಈ ನೆರವು ಸಿಗಬೇಕಾದರೆ ಶಾಲೆ ನಿಗದಿತ ದೂರಕ್ಕಿಂತ ಆಚೆ ಇರಬೇಕು. "1 ಕಿ.ಮೀ. ಒಳಗೆ ಶಾಲೆ ಇದೆ" ಅಂತ ಒಮ್ಮೆ ಬರೆದುಬಿಟ್ಟರೆ ಶಾಲೆಯೂ ಹೋಯಿತು, ವಾಹನದ ದುಡ್ಡೂ ಇಲ್ಲ. ಹಾಗಾಗಿ ದೂರ ಅಳೆಯುವಾಗ ನೀವು ಅಲ್ಲಿ ಇರಲೇಬೇಕು.


ಅಥಣಿ ಅಪ್ಪ

ಈ ಸಾರಿಗೆ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಸಾಮಾನ್ಯ ಪಾಲಕರಿಗೆ ಇದು ಹೇಗೆ ಗೊತ್ತಾಗಬೇಕು? ಬಸ್ಸು ಅಂತ ಬಾಯಿಮಾತಲ್ಲಿ ಹೇಳಿದರೆ ನಾವು ನಂಬಿ ಸಹಿ ಹಾಕಿಬಿಡುತ್ತೇವೆ.


ತಾಂಡಾದ ಮಗಳು, ವಿಜಯಪುರ ಜಿಲ್ಲೆ

ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ. ನಾನು ತಾಂಡಾದ ಶಾಲೆಯಲ್ಲೇ ಕಲಿತು ಡಿ.ಎಡ್. ಮಾಡಿದವಳು. ಈಗ ಅತಿಥಿ ಶಿಕ್ಷಕಿ.

ನಮ್ಮಲ್ಲಿ ಮಕ್ಕಳನ್ನು ಎಣಿಸುವ ತಿಂಗಳು ಯಾವುದು ಅನ್ನುವುದರ ಮೇಲೆ ಶಾಲೆಯ ಹಣೆಬರಹ ನಿಂತಿದೆ. ಜೂನ್‌ನಲ್ಲಿ ಬಂದರೆ ಕೋಣೆ ತುಂಬ ಮಕ್ಕಳು. ದೀಪಾವಳಿ ಮುಗಿಯುತ್ತಿದ್ದ ಹಾಗೆ ಕಬ್ಬಿನ ಗ್ಯಾಂಗು ಹೊರಡುತ್ತದೆ. ಸಾಂಗ್ಲಿ, ಕೊಲ್ಲಾಪುರ, ಬೆಳಗಾವಿ ಕಡೆ ಕಟಾವಿಗೆ. ಇನ್ನು ಕೆಲವರು ಗೋವಾಕ್ಕೆ, ಪುಣೆಗೆ ಕಟ್ಟಡದ ಕೆಲಸಕ್ಕೆ. ರಾತ್ರಿ ಟ್ರ್ಯಾಕ್ಟರ್ ಬರುತ್ತದೆ. ಕೋಳಿ, ಕಟ್ಟಿಗೆ ಒಲೆ, ಹಾಸಿಗೆ, ನೀರಿನ ಡ್ರಮ್ಮು, ಎಲ್ಲದರ ಮೇಲೆ ಮಕ್ಕಳು. ಮರುದಿನ ಹಾಜರಿ ಕೂಗಿದರೆ ಸಾಲು ಸಾಲು ಹೆಸರಿಗೆ ಉತ್ತರವಿಲ್ಲ. ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳು ಮಾತ್ರ ಉಳಿಯುತ್ತಾರೆ. ಜನವರಿಯಲ್ಲಿ ಸಾಹೇಬರು ಬಂದು ನೋಡಿದರೆ ಕೋಣೆಯಲ್ಲಿ ಎಂಟೋ ಒಂಬತ್ತೋ ಮಕ್ಕಳು. ಯುಗಾದಿ ಹೊತ್ತಿಗೆ ಎಲ್ಲರೂ ವಾಪಸ್.

ಹೀಗೆ ತಿರುಗಿ ಬರುವ ಮಗುವಿಗೆ ತಾಂಡಾದ ಶಾಲೆ ಇದ್ದರೆ ಸೀದಾ ಬಂದು ಕೂರುತ್ತದೆ. ಅಕ್ಕೋರಿಗೆ ಅದರ ಹೆಸರು ಗೊತ್ತು, ಅವ್ವ ಅಪ್ಪ ಗೊತ್ತು, ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ ಅಂತಲೂ ಗೊತ್ತು. ಊರ ಶಾಲೆಗೆ ಹೋಗು ಅಂದರೆ ನಾಲ್ಕು ತಿಂಗಳು ಪಾಠ ತಪ್ಪಿದ ಮಗು ಆ ಬಾಗಿಲು ದಾಟುವುದಿಲ್ಲ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಹೆಣ್ಣುಮಕ್ಕಳದು ಇನ್ನೂ ಕಷ್ಟ. ದಾರಿ ದೂರ ಅಂತ ಆರನೆಯದಕ್ಕೆ ಬಿಡಿಸುತ್ತಾರೆ. ಮನೆಯಲ್ಲಿ ಕೂತ ಹುಡುಗಿಗೆ ಎರಡು ಮೂರು ವರ್ಷದಲ್ಲಿ ಮದುವೆ ಮಾತು ಬರುತ್ತದೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ಬಾಲ್ಯವಿವಾಹ ಎಷ್ಟಿದೆ ಅಂತ ನಿಮಗೆಲ್ಲ ಗೊತ್ತೇ ಇದೆ.

ಊಟದ ಮಾತನ್ನೂ ಬಿಡಬೇಡಿ. ಮೊಟ್ಟೆ ಕೊಡುವುದನ್ನು 2021ರ ಡಿಸೆಂಬರ್‌ನಲ್ಲಿ ಮೊದಲು ಶುರು ಮಾಡಿದ ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಇತ್ತು. ಮಕ್ಕಳಲ್ಲಿ ರಕ್ತ ಕಡಿಮೆ, ಅದಕ್ಕೇ. ಹಾಲು, ಮೊಟ್ಟೆ, ಬಿಸಿ ಅನ್ನ, ಇವೆಲ್ಲ ಶಾಲೆಗೆ ಬರುವ ಮಗುವಿನ ಹೊಟ್ಟೆಗೆ ಮಾತ್ರ ಹೋಗುತ್ತವೆ. ಶಾಲೆ ದೂರವಾದರೆ ಮೊದಲು ತಪ್ಪುವುದು ಇದೇ ಮಕ್ಕಳ ಊಟ.

ವಲಸೆ ಹೋಗುವ ಮನೆಗಳ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಹಂಗಾಮಿನ ಹಾಸ್ಟೆಲ್ ಅಂತ ಸಮಗ್ರ ಶಿಕ್ಷಣದಲ್ಲೇ ಅವಕಾಶ ಇದೆ. ಮುಚ್ಚುವ ಲೆಕ್ಕ ಹಾಕುವ ಮೊದಲು ಪ್ರತಿ ತಾಂಡಾದಲ್ಲಿ ಅದು ನಡೆಯಲಿ. ಆಮೇಲೆ ಎಣಿಸಲಿ.


ಕೋಟೆ ಪಕ್ಕದವಳು, ಬೆಳಗಾವಿ

ನಗರದ ಕಡೆಯಿಂದ ಬೇರೆ ಚಿತ್ರ ಹೇಳುತ್ತೇನೆ. ನಮ್ಮ ಹಳೇ ಮುಂಬೈ ಪ್ರಾಂತದಲ್ಲಿ ಗಂಡುಮಕ್ಕಳ ಶಾಲೆ, ಹೆಣ್ಣುಮಕ್ಕಳ ಶಾಲೆ ಅಂತ ಬೇರೆ ಬೇರೆ ಮಾಡಿದ್ದರು. ಈಗಲೂ ಬೋರ್ಡಿನ ಮೇಲೆ ಹಾಗೇ ಇದೆ. ಕೆಲವು ಕಡೆ ಎರಡೂ ಒಂದೇ ಕಾಂಪೌಂಡಿನಲ್ಲಿ ಇವೆ, ನಡುವೆ ಒಂದು ಗೋಡೆ. ಇಬ್ಬರು ಮುಖ್ಯ ಗುರುಗಳು, ಎರಡು ಅಡುಗೆ ಕೋಣೆ, ಎರಡರಲ್ಲೂ ಅರ್ಧ ಖಾಲಿ ಕೋಣೆಗಳು. ಇಂಥಲ್ಲಿ ಸೇರಿಸಿದರೆ ಯಾವ ಮಗುವೂ ಹೆಚ್ಚು ನಡೆಯಬೇಕಿಲ್ಲ. ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಎಲ್ಲ ವಿಲೀನಕ್ಕೂ ಒಂದೇ ಸಮ ಬೇಡ ಅನ್ನುತ್ತಾ ಹೋದರೆ ನಮ್ಮ ಮಾತಿಗೆ ತೂಕ ಕಡಿಮೆಯಾಗುತ್ತದೆ.

ಆದರೆ ಒಂದೇ ಕಾಂಪೌಂಡು ಅಂತ ಕನ್ನಡ, ಮರಾಠಿ, ಉರ್ದು ಮಾಧ್ಯಮಗಳನ್ನು ಒಂದರೊಳಗೆ ಒಂದು ತುರುಕಬಾರದು. ಉರ್ದುವಿನಲ್ಲಿ ಕಲಿಯುವ ಮಗುವಿಗೆ ಪಕ್ಕದ ಕನ್ನಡ ಶಾಲೆ ಹತ್ತಿರ ಇದ್ದರೂ ಅವಳ ಶಾಲೆ ಅದಲ್ಲ. ಗಡಿಯ ಹಳ್ಳಿಗಳಲ್ಲಿ ಮಕ್ಕಳು ಕಡಿಮೆ ಇರುವ ಕನ್ನಡ ಶಾಲೆಗೂ ಇದೇ ಮಾತು.


ಖಾನಾಪುರ ಕಾಡಂಚು

ನಮ್ಮಲ್ಲಿ ಸೇರಿಸಲು ಹತ್ತಿರ ಇನ್ನೊಂದು ಶಾಲೆಯೇ ಇಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಶಿಕ್ಷಕರೇ ಬರಲಾಗುವುದಿಲ್ಲ. ಕಾಡಿನ ಊರು, ಮಕ್ಕಳು ಬೆರಳೆಣಿಕೆ. ಇಂಥ ಊರುಗಳಿಗೆ ಮಕ್ಕಳ ಸಂಖ್ಯೆ ಅನ್ನುವ ಅಳತೆಯನ್ನೇ ಹಚ್ಚಬಾರದು. ಇಷ್ಟೇ ನನ್ನ ಮಾತು.


ಜಮಖಂಡಿ ರೈತ

ಲೆಕ್ಕದವರಿಗೆ ಧನ್ಯವಾದ. ಇನ್ನೊಂದು ವಿಷಯವನ್ನೂ ನಾವು ಒಪ್ಪಬೇಕು. ಮಕ್ಕಳೇ ಕಡಿಮೆಯಾಗಿದ್ದಾರೆ. ನಮ್ಮ ಅಜ್ಜನ ಮನೆಯಲ್ಲಿ ಎಂಟು ಮಕ್ಕಳು, ನಮ್ಮ ಮನೆಯಲ್ಲಿ ಎರಡು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಅಂತ ಬಂದಿದೆ. ಇಬ್ಬರು ಶಿಕ್ಷಕರು ಇದ್ದಿದ್ದರೂ ಹಳೆಯ ಸಂಖ್ಯೆ ವಾಪಸ್ ಬರುತ್ತಿರಲಿಲ್ಲ. ಮೇಲೆ ಖಾಸಗಿ ಶಾಲೆಯ ವ್ಯಾನ್ ಬೇರೆ.


ನಿವೃತ್ತ ಮುಖ್ಯ ಗುರು, ಮುಧೋಳ

ಒಪ್ಪುತ್ತೇನೆ. ಅದಕ್ಕೇ ಸಣ್ಣ ಶಾಲೆ ಅನ್ನುವುದು ಇನ್ನು ಮುಂದೆ ಸಾಮಾನ್ಯ ಸಂಗತಿ ಆಗುತ್ತದೆ. ಅದನ್ನು ಚೆನ್ನಾಗಿ ನಡೆಸುವುದು ಹೇಗೆ ಅಂತ ಇಲಾಖೆ ಯೋಚಿಸಬೇಕು.

ಖಾಸಗಿ ವ್ಯಾನ್ ವಿಷಯದಲ್ಲಿ ಸರ್ಕಾರದ ಪಾತ್ರವೂ ಇದೆ. ಶಿಕ್ಷಣ ಹಕ್ಕಿನಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇ 25ರ ಸೀಟುಗಳಿಗೆ ಸರ್ಕಾರವೇ ಖಾಸಗಿ ಶಾಲೆಗೆ ದುಡ್ಡು ಕಟ್ಟುತ್ತಿತ್ತು. ಪಕ್ಕದಲ್ಲೇ ಸರ್ಕಾರಿ ಶಾಲೆ ಇದ್ದರೂ ಮಕ್ಕಳು ಅತ್ತ ಹೋದರು. 2019-20ರ ಸಾಲಿನಿಂದ ನಿಯಮ ಬದಲಿಸಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಅಂದರು. ಆದರೆ ಆ ಹೊತ್ತಿಗೆ ಅಭ್ಯಾಸ ಬದಲಾಗಿತ್ತು.

ಉತ್ತರ ಪ್ರದೇಶದ ಸಂಗತಿಯೂ ತಿಳಿದಿರಲಿ. ಅಲ್ಲಿ 2025ರಲ್ಲಿ 50ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಸೇರಿಸಲು ಹೊರಟರು. ಸೀತಾಪುರದ ಪಾಲಕರು ಹೈಕೋರ್ಟಿಗೆ ಹೋದರು, ಜನ ಬೀದಿಗಿಳಿದರು. ಕೊನೆಗೆ ಸರ್ಕಾರವೇ 1 ಕಿ.ಮೀ.ಗಿಂತ ದೂರದ ಶಾಲೆಗೆ ಸೇರಿಸುವುದಿಲ್ಲ ಅಂತ ಹೇಳಬೇಕಾಯಿತು. ಅಲ್ಲಿ ಸರ್ಕಾರ ಹಿಂದೆ ಸರಿದದ್ದು ದೂರದ ಪ್ರಶ್ನೆಯ ಮೇಲೆ. ನಮಗೂ ಅದೇ ಗಟ್ಟಿ ನೆಲ.


ಪಂಚಾಯ್ತಿ ಸದಸ್ಯೆ, ಹುನಗುಂದ ಕಡೆ

ಮೇಲಿನದೆಲ್ಲ ಓದಿದೆ. ನಾನು ಪಂಚಾಯ್ತಿಯಲ್ಲಿ ಏನು ಸಾಧ್ಯ ಅಷ್ಟು ಹೇಳುತ್ತೇನೆ.

ಒಂದು ವಿಷಯಕ್ಕೆ ಜನ ನಮ್ಮ ಹತ್ತಿರ ಬರುವುದೇ ಇಲ್ಲ. ಶಾಲೆ ಅಂದರೆ ಇಲಾಖೆಯದು ಅಂತ ಬಿಟ್ಟುಬಿಡುತ್ತಾರೆ. ನರೇಗಾದಲ್ಲಿ ನಾವು ಶಾಲೆಗೆ ಕಾಂಪೌಂಡು, ಶೌಚಾಲಯ, ಅಡುಗೆ ಕೋಣೆ, ಆಟದ ಮೈದಾನ ಮಾಡಿದ್ದೇವೆ. ನಮ್ಮ ಒಂದು ವಸ್ತಿ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಮುರಿದು ಬಹಳ ಕಾಲ ಹಾಗೇ ಇತ್ತು. ಮಧ್ಯಾಹ್ನ ಮನೆಗೆ ಹೋದ ಹುಡುಗಿಯರು ಮತ್ತೆ ಬರುತ್ತಿರಲಿಲ್ಲ. ಬಾಗಿಲು ಕೂರಿಸಿ ಒಳಗಿನಿಂದ ಚಿಲಕ ಹಾಕಿಸಿದ ಮೇಲೆ ಮಧ್ಯಾಹ್ನದ ಹಾಜರಿ ಸರಿಹೋಯಿತು. ಇದಕ್ಕೆ ದೊಡ್ಡ ಯೋಜನೆ ಬೇಕಿರಲಿಲ್ಲ. ಕರೆಂಟು, ನೀರಿನ ಬಿಲ್ಲಿನ ಚಿಂತೆಯೂ ಈಗ ಕಡಿಮೆ. 2023ರ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಎರಡೂ ಉಚಿತ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದ್ದಾರೆ.

ಇನ್ನು ಠರಾವಿನ ಮಾತು. ಗ್ರಾಮ ಸಭೆಯಲ್ಲಿ ಜನ ಕೂತು ಮಾಡಿದ ಠರಾವಿಗೆ ಬೆಲೆ ಇದೆ. ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಮಾಡಿಸಿ, ದೃಢೀಕೃತ ನಕಲು ತೆಗೆದುಕೊಳ್ಳಿ. ಪ್ರತಿ ವರ್ಷ ಮಕ್ಕಳ ಗ್ರಾಮ ಸಭೆಯೂ ನಡೆಯಬೇಕು. ಅಲ್ಲಿ ನಿಮ್ಮ ಮಕ್ಕಳೇ ಎದ್ದು ನಿಂತು, ಟ್ರ್ಯಾಕ್ಟರ್ ಬಂದಾಗ ನಾವು ಎಲ್ಲಿ ನಿಲ್ಲಬೇಕು ಅಂತ ಕೇಳಲಿ. ಆ ಪ್ರಶ್ನೆ ನಡಾವಳಿಯಲ್ಲಿ ಬರಲಿ. ಯಾವ ಅಧಿಕಾರಿಗೂ ಅದನ್ನು ದಾಟಿ ಹೋಗುವುದು ಸುಲಭವಲ್ಲ.

ಎಸ್‌ಡಿಎಂಸಿಯಲ್ಲಿ ಹೆಣ್ಣುಮಕ್ಕಳನ್ನು ಮುಂದೆ ಬಿಡಿ ಅಣ್ಣಾ. ಕಾಯ್ದೆಯಲ್ಲೇ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಅಂತಿದೆ. ಮಗುವನ್ನು ದಿನಾ ಶಾಲೆಗೆ ಬಿಡುವವರು ಅವರೇ. ದಾರಿ ಅವರಿಗೆ ಗೊತ್ತು.


ಪುನರ್ವಸತಿ ಕೇಂದ್ರ, ಬಾಗಲಕೋಟೆ

ಹಿನ್ನೀರಿನ ಊರಿನವನು ನಾನು. ನಮ್ಮದು ಬೇರೆಯೇ ಗೋಳು. ಆಲಮಟ್ಟಿ ಅಣೆಕಟ್ಟಿನ ಎತ್ತರ 519.6 ಮೀಟರ್‌ನಿಂದ 524.256ಕ್ಕೆ ಏರುತ್ತದೆ ಅಂತ 2010ರ ನ್ಯಾಯಮಂಡಳಿ ತೀರ್ಪು ಬಂದಾಗಿನಿಂದ ಕಾಯುತ್ತಿದ್ದೇವೆ. ಅರ್ಧ ಜನ ಹೊಸ ಕೇಂದ್ರಕ್ಕೆ ಬಂದರು, ಅರ್ಧ ಜನ ಹೊಲ ಇರುವ ತನಕ ಅಲ್ಲೇ ಅಂತ ಉಳಿದರು. ಎರಡೂ ಕಡೆ ಶಾಲೆ, ಎರಡೂ ಕಡೆ ಮಕ್ಕಳು ಕಡಿಮೆ. ಈ ಸಂಖ್ಯೆ ನೋಡಿ ಮುಚ್ಚಿದರೆ ಮುಂದೆ ಎಲ್ಲರೂ ಬಂದಾಗ ಮತ್ತೆ ತೆರೆಯುವವರು ಯಾರು? ಒಮ್ಮೆ ಬೀಗ ಬಿದ್ದ ಶಾಲೆಯ ಕಟ್ಟಡ ಏನಾಗುತ್ತದೆ ಅಂತ ಎಲ್ಲ ಊರವರೂ ನೋಡಿದ್ದೀರಿ. ಮೊದಲು ಕಿಟಕಿ ಹೋಗುತ್ತದೆ, ಆಮೇಲೆ ಹೆಂಚು, ಆಮೇಲೆ ಇಸ್ಪೀಟು.

2019ರ ಆಗಸ್ಟ್ ಪ್ರವಾಹದಲ್ಲಿ ಘಟಪ್ರಭೆ, ಮಲಪ್ರಭೆ, ಕೃಷ್ಣೆ ಮೂರೂ ಏರಿದಾಗ ಜನರನ್ನು ಎಲ್ಲಿ ಇಟ್ಟರು? ಶಾಲೆಗಳಲ್ಲಿ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.


ಅಥಣಿ ಅಪ್ಪ

ಎಲ್ಲರ ಮಾತು ಓದಿದ ಮೇಲೆ ನನ್ನ ನಿಲುವು ಹೀಗಿದೆ. ದೊಡ್ಡ ಶಾಲೆ ಬೇಕು ಅನ್ನುವುದನ್ನು ನಾನು ಬಿಡುವುದಿಲ್ಲ. ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್) ಶಾಲೆಯಲ್ಲಿ ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಡೆ ಇರುತ್ತದೆ, ನನ್ನಂಥ ಪಾಲಕರಿಗೆ ಅದರ ಆಸೆ ಇದೆ. ಆದರೆ ಕ್ರಮ ತಿರುಗಬೇಕು. ಮೊದಲು ದೊಡ್ಡ ಶಾಲೆಗೆ ಶಿಕ್ಷಕರು, ಕೋಣೆ, ವಾಹನ ಎಲ್ಲ ಬರಲಿ. ಒಂದು ವರ್ಷ ನಡೆಸಿ ತೋರಿಸಲಿ. ಅಲ್ಲಿಯ ತನಕ ಸಣ್ಣವರ ಶಾಲೆಗೆ ಕೈ ಹಚ್ಚಬಾರದು. ಬಸ್ಸು ನೋಡಿ ಪಾಲಕರು ತಾವಾಗಿ ಕಳಿಸಿದರೆ ಆಗ ಯಾರೂ ಮುಚ್ಚಬೇಕಿಲ್ಲ. ಐದನೇ ಕ್ಲಾಸಿನವರೆಗೆ ತೋಟದಲ್ಲೇ, ಆರರಿಂದ ದೊಡ್ಡ ಶಾಲೆಗೆ ಅಂತಾದರೂ ನಾನು ಒಪ್ಪುತ್ತೇನೆ.


ತೋಟದ ಮನೆ, ಚಿಕ್ಕೋಡಿ ಭಾಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಸಂಜೆ ಬೇವಿನ ಮರದ ಕೆಳಗೆ ಪಾಲಕರನ್ನು ಕೂರಿಸಿ ನೀವು ಹೇಳಿದ್ದನ್ನೆಲ್ಲ ಓದಿ ಹೇಳಿದೆ. ಬೇರೆ ಶಾಲೆಗೆ ಮಕ್ಕಳನ್ನು ಹಾಕಿದವರೂ ಬಂದಿದ್ದರು. ಎರಡನೇ ಶಿಕ್ಷಕರು ಬಂದರೆ ಜೂನ್‌ಗೆ ವಾಪಸ್ ಹಾಕುತ್ತೇವೆ ಅಂತ ಕೆಲವರು ಸಹಿ ಮಾಡಿದ್ದಾರೆ. ಹೆಣ್ಣುಮಕ್ಕಳೇ ಹೆಚ್ಚು ಮಾತಾಡಿದರು. ಠರಾವಿನ ಕರಡು ಹೀಗಿದೆ, ತಪ್ಪಿದ್ದರೆ ತಿದ್ದಿ:

"ನಮ್ಮ ಶಾಲೆಗೆ ಮಂಜೂರಾದ ಎರಡನೇ ಶಿಕ್ಷಕರ ನಿಯೋಜನೆಯನ್ನು ರದ್ದುಮಾಡಿ ಅವರನ್ನು ಮೂಲ ಶಾಲೆಗೆ ಕಳಿಸಬೇಕು. ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನು ಕೊಡಬೇಕು. ಊರ ಶಾಲೆಗೆ ಇರುವ ದೂರವನ್ನು ಪಾಲಕರ ಎದುರಿಗೆ, ಮಕ್ಕಳು ನಡೆಯುವ ದಾರಿಯಲ್ಲಿ, ಕಾಲುವೆ ಸೇತುವೆ ಮೂಲಕ ಅಳೆದು ಬರೆಯಬೇಕು. ಕಬ್ಬಿನ ಹಂಗಾಮಿನಲ್ಲಿ ಈ ದಾರಿಯ ವಾಹನ ಸಂಚಾರವನ್ನೂ ನೋಡಬೇಕು. ಎರಡನೇ ಶಿಕ್ಷಕರು ಬಂದು ಎರಡು ಶೈಕ್ಷಣಿಕ ವರ್ಷ ಮುಗಿಯುವವರೆಗೆ ವಿಲೀನದ ಪ್ರಸ್ತಾವ ಮಾಡಬಾರದು. ಪ್ರಸ್ತಾವ ಬಂದರೆ ಎಸ್‌ಡಿಎಂಸಿ ಮತ್ತು ಗ್ರಾಮ ಸಭೆಯ ಮುಂದೆ ಲಿಖಿತವಾಗಿ ಇಡಬೇಕು."


ನಿವೃತ್ತ ಮುಖ್ಯ ಗುರು, ಮುಧೋಳ

ಚೆನ್ನಾಗಿದೆ. ಮೂರು ತಿದ್ದುಪಡಿ. ಮಂಜೂರಾದ ಹುದ್ದೆ ಎಷ್ಟು, ಕೆಲಸ ಮಾಡುತ್ತಿರುವವರು ಎಷ್ಟು ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಶಾಲೆಯ ಡೈಸ್ ಕೋಡ್ (ಇಲಾಖೆ ಪ್ರತಿ ಶಾಲೆಗೆ ಕೊಟ್ಟಿರುವ ಗುರುತಿನ ಸಂಖ್ಯೆ) ಹಾಕಿ, ಇಲ್ಲದಿದ್ದರೆ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಕೊನೆಗೆ, ಇದು ಕಾಯ್ದೆಯ 32ನೇ ಕಲಮಿನ ಕೆಳಗಿನ ದೂರು ಅಂತ ಸ್ಪಷ್ಟವಾಗಿ ನಮೂದಿಸಿ. ಹಾಗೆ ಬರೆದರೆ ಸ್ಥಳೀಯ ಪ್ರಾಧಿಕಾರ ನಿಮ್ಮ ಮಾತು ಕೇಳಿ ಮೂರು ತಿಂಗಳಲ್ಲಿ ತೀರ್ಮಾನ ಹೇಳಬೇಕು. ಹೇಳಿದ್ದು ಸರಿ ಕಾಣದಿದ್ದರೆ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಪಂಚಾಯ್ತಿಗೊಂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೊಂದು, ಚಿಕ್ಕೋಡಿಯ ಉಪನಿರ್ದೇಶಕರಿಗೊಂದು ಪ್ರತಿ ಕೊಡಿ. ಮೂರಕ್ಕೂ ತಾರೀಖಿನ ಜತೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.


ತಾಂಡಾದ ಮಗಳು, ವಿಜಯಪುರ ಜಿಲ್ಲೆ

ಅಣ್ಣಾ, ತಿದ್ದಿದ ಮೇಲೆ ಠರಾವನ್ನು ಪೂರ್ತಿ ಇಲ್ಲಿ ಹಾಕಿ. ನಮ್ಮ ತಾಂಡಾದ ಹಿರಿಯರಿಗೆ ತೋರಿಸಿದ್ದೇನೆ, ದೀಪಾವಳಿಗೆ ಮೊದಲೇ, ಗ್ಯಾಂಗು ಹೊರಡುವ ಮೊದಲು ಸಭೆ ಮಾಡೋಣ ಅಂದಿದ್ದಾರೆ. ಕಾಲುವೆ ಸೇತುವೆ ಅಂತಿರುವ ಕಡೆ ನಾವು ಸೊಲ್ಲಾಪುರ ಹೆದ್ದಾರಿ ಅಂತ ಬರೆದುಕೊಳ್ಳುತ್ತೇವೆ. ಹಂಗಾಮಿನ ಹಾಸ್ಟೆಲ್ ಬೇಡಿಕೆಯನ್ನು ಅದರ ಕೆಳಗೆ ಸೇರಿಸುತ್ತೇವೆ.